ಮಂಜುಳಳನ್ನು ಕೂರಿಸಿದ ದಿನ

೪-೨-೧೯೯೯, ಗುರುವಾರ, ಮಧ್ಯಾಹ್ನ

ಬೆಳಿಗ್ಗೆ ತ್ರಿವೇಣಿಗೆ ಮಾತ್ರೆ ಪುಡಿ ಮಾಡಿ ಬಾಳೆಹಣ್ಣಿನಲ್ಲಿಟ್ಟು ಕೊಟ್ಟೆ. ನುಂಗಿದಳು. ಎಂಟೂವರೆಗೆ ರೊಟ್ಟಿ ತಟ್ಟೆಯ ಮುಂದೆಯೇ ತೂಕಡಿಕೆ. ಎಂಟು ವರ್ಷದ ಹುಡುಗಿ, ಹಣ್ಣು ಮುದುಕಿಯ ಹಾಗೆ ತಲೆ ಜೋತುಬಿಡುತ್ತಾಳೆ. ಎಬ್ಬಿಸಿ, ಜಡೆ ಹಾಕಿ, ಸ್ಕೂಲಿಗೆ ಬಿಟ್ಟು ಬಂದೆ. ಹನ್ನೊಂದಕ್ಕೆ ವಾಪಸ್ ಕಳಿಸಿದರು. ಆಯಾ ಕೈಲಿ ಮೇಷ್ಟ್ರು ಹೇಳಿಕಳಿಸಿದ್ದು — "ತ್ರಿವೇಣಿ ಮಾತಾಡಲ್ಲ, ಬರೆಯಲ್ಲ. ಯಾರಾದ್ರೂ ಹತ್ರ ಬಂದ್ರೆ ಸರಕೊಂಡು ನಿಲ್ತಾಳೆ. ಮೊದ್ಲು ವಾಸಿ ಮಾಡಿಸ್ರಿ."

ಮೊಮ್ಮಗಳು. ಅವರವ್ವ ಮಂಜುಳ — ನನ್ನ ಸೊಸೆ — ಹೋಗಿ ಆರು ತಿಂಗಳಾಯಿತು. ಕಾಮಾಲೆ. ಅವತ್ತಿನಿಂದ ಈ ಹುಡುಗಿಗೆ ಬಾಯಿಲ್ಲ. ಜೊತೆಗೆ ಒಂದು ಚಟ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದು. ದೊಡ್ಡ ಸಾಹೇಬರ ಹಾಗೆ. ಪೊಗರು ಅಂತ ಇವತ್ತು ಕೈ ಹಿಡಿದು ಮುಂದಕ್ಕೆಳೆದೆ. ಬಿಟ್ಟ ತಕ್ಷಣ ಮತ್ತೆ ಹಿಂದಕ್ಕೆ.

ಡಿಸೆಂಬರಿನಲ್ಲಿ ಸ್ಕೂಲಿನವರು ಗ್ರೂಪ್ ಫೋಟೋ ತೆಗೆಯುವಾಗ ಬಿದ್ದುಬಿಟ್ಟಳು. ಕೈಕಾಲು ಸೆಟೆದುಕೊಂಡಿದ್ದವಂತೆ. ಇಲ್ಲಿನ ಡಾಕ್ಟರು ಫಿಟ್ಸ್ ಅಂದರು. "ಇದಕ್ಕೆ ಮೊದಲು ಏನಾದರೂ ಆಗಿತ್ತಾ?" ಅಂತ ಕೇಳಿದರು. ಜ್ವರ ಬಂದಿತ್ತು ಅಂದೆ. ಮಾತ್ರೆ ಶುರುವಾಯಿತು.

ಊಟಕ್ಕೆ ಬಂದ ಮಗ ವೀರೇಶ್ ಅನ್ನ ಕಲೆಸುತ್ತಾ ಹೇಳಿದ. "ಅವ್ವಾ, ಮೊಳಕಾಲ್ಮೂರಿಗೆ ಹದಿನೈದು ದಿನಕ್ಕೊಂದ್ಸಲ ಮನಸಿನ ಡಾಕ್ಟ್ರು ಬರ್ತಾರಂತೆ. ಗುರುವಾರದ ದಿನ."

"ಹುಚ್ಚರ ಡಾಕ್ಟ್ರಾ? ನಮ್ಮನೆ ಹುಡುಗಿಗಾ?"

"ಅಲ್ಲಿ ನಮ್ಮನ್ನ ಯಾರೂ ಗುರ್ತು ಹಿಡಿಯಲ್ಲ ಬಿಡು."

ಆ ಒಂದು ಮಾತಿಗೆ ಒಪ್ಪಿಕೊಂಡೆ. ಈ ಊರಲ್ಲಿ ನಮ್ಮ ಎಣ್ಣೆ ಮಿಲ್ಲು ಗೊತ್ತಿಲ್ಲದವರು ಯಾರು?


೧೧-೨-೯೯, ಗುರುವಾರ

ಪಕ್ಕದ ಮನೆಯವರಿಗೆ ರೇಷ್ಮೆ ಸೀರೆ ನೋಡೋಕೆ ಅಂತ ಹೇಳಿ ಹೊರಟೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ಒರಗಲಿಲ್ಲ. ಮೊಳಕಾಲ್ಮೂರಿನವರೆಗೂ ನೆಟ್ಟಗೆ, ಕಡ್ಡಿಯ ಹಾಗೆ.

ಡಾಕ್ಟರು ಕೂರುವುದು ಒಂದು ಹಳೇ ಛತ್ರದಲ್ಲಿ. ಚಾಪೆಯ ಮೇಲೆ, ಬೆಂಚಿನ ಮೇಲೆ ಜನ. ಪಕ್ಕದಲ್ಲಿ ಪಾಪಕ್ಕ ಅಂತ ಒಬ್ಬಳು, ರಾಂಪುರದ ಕಡೆಯವಳು, ಅರ್ಧ ತೆಲುಗು. ಗಂಡ ಅಜ್ಜಪ್ಪನನ್ನು ಕರೆತಂದಿದ್ದಳು. ಬಾವಿ ತೋಡುವವನು. ಕುಣಿಯೊಳಗೆ ಬಂಡೆ ಒಡೆಯುವ ಮದ್ದು ಸಿಡಿದು ಅವನ ತಮ್ಮ ಸತ್ತನಂತೆ, ಇವನ ಕಣ್ಣೆದುರಿಗೇ. ಯಾರದೋ ಬುತ್ತಿಯ ಮುಚ್ಚಳ ಜಾರಿ ಬಿತ್ತು ನೋಡು — ಆರಡಿ ಗಂಡಸು, ಬೆಂಚಿನ ಕೆಳಕ್ಕೆ ನುಗ್ಗಿಬಿಟ್ಟ.

ಪಾಪಕ್ಕ ನಗುತ್ತಲೇ ಎಳೆದು ಕೂರಿಸಿದಳು. "ಏನ್ ಮಾಡ್ಲಿ ಅಮ್ಮಾರೆ, ನಮ್ಮನೇಲಿ ಒಗ್ಗರಣೆಗೆ ಸಾಸಿವೆ ಹಾಕಂಗಿಲ್ಲ. ಚಟ್ ಅಂದ್ರೆ ಈತ ಹಿತ್ಲಲ್ಲಿ." ಆಮೇಲೆ ಮದ್ದು, ಸಾವು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಎಲ್ಲ ಹೇಳಿದಳು. ಛತ್ರಕ್ಕೆಲ್ಲ ಕೇಳುವ ಹಾಗೆ.

"ಇದನ್ನೆಲ್ಲ ಹಿಂಗೆ ಬೀದೀಲಿ ಹೇಳ್ಕೋತಾರೇನೇ?" ಅಂತ ಗದರಿದೆ.

"ಹೇಳ್ದಿದ್ರೆ ಡಾಕ್ಟ್ರಮ್ಮಂಗೇನು ಕನಸು ಬೀಳ್ತೈತಾ?" ಅಂದಳು.

ಡಾಕ್ಟರು ಹೆಂಗಸು. ಚಿಕ್ಕ ವಯಸ್ಸು. ತ್ರಿವೇಣಿಯನ್ನು ಏನೂ ಕೇಳಲಿಲ್ಲ, ಬಣ್ಣದ ಪೆನ್ಸಿಲ್ ಕೊಟ್ಟು ಕೆಳಗೆ ಕೂರಿಸಿದಳು. ಕೇಳಿದ್ದೆಲ್ಲ ನನ್ನನ್ನೇ.

"ತಾಯಿ ತೀರಿಕೊಂಡ ದಿನ ಮಗು ಎಲ್ಲಿತ್ತು?"

"ಪಕ್ಕದ ಮನೇಲಿ."

"ದೇಹ ನೋಡಿದ್ಲಾ?"

"ಇಲ್ಲಮ್ಮ. ಮಕ್ಕಳಿಗೆ ಅದೆಲ್ಲ ತೋರಿಸ್ತೀವಾ?"

ಎಷ್ಟು ಸಲೀಸಾಗಿ ಬಂತು ಬಾಯಿಗೆ. ಹುಡುಗಿ ತಲೆ ಎತ್ತಿ ಒಂದು ಸಲ ನನ್ನ ಕಡೆ ನೋಡಿದಳು. ಅಷ್ಟೇ.

ಡಾಕ್ಟರಮ್ಮ ಒಂದು ನೋಟ್‌ಬುಕ್ಕು ಕೊಟ್ಟಳು. ದಿನಾ ಏನು ಮಾಡುತ್ತಾಳೆ, ಯಾವಾಗ ಹೆದರುತ್ತಾಳೆ, ಆಗ ಎದುರಿಗೆ ಏನಿತ್ತು, ಬರೆಯಬೇಕಂತೆ. ನನ್ನನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿದ್ರು ಅಂದೆ. "ಕಂಡಿದ್ದು ಬರೆಯೋಕೆ ಅಷ್ಟು ಸಾಕು ಅಜ್ಜಿ" ಅಂದಳು.


೧೪-೨-೯೯, ಭಾನುವಾರ, ಶಿವರಾತ್ರಿ

ಈಗ ಎರಡು ಪುಸ್ತಕ. ಒಂದು ಡಾಕ್ಟರಮ್ಮನಿಗೆ ತೋರಿಸುವುದು. ಇನ್ನೊಂದು ಇದು, ಮಿಲ್ಲಿಗೆ ಬಂದ ಹೊಸ ವರ್ಷದ ಡೈರಿ, ಯಾರಿಗೂ ತೋರಿಸದ್ದು.

ವೀರೇಶನಿಗೆ ಉಪವಾಸ. ಮಧ್ಯಾಹ್ನ ನಡುಮನೆಯ ಗೋಡೆಗೆ ಒರಗಿ ಕೂತವನು ಹಾಗೇ ಕಣ್ಣು ಮುಚ್ಚಿದ. ತ್ರಿವೇಣಿ ಅಡಿಗೆಮನೆಯಿಂದ ಬಂದಳು. ನೋಡಿದಳು. ನಿಂತಲ್ಲೇ ನಿಂತಳು. ಕಾಲಿನುದ್ದಕ್ಕೂ ಉಚ್ಚೆ ಇಳಿಯಿತು. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಹೋಗಿ, ಕೈ ಹಿಂದೆಯೇ ಇಟ್ಟುಕೊಂಡು ಬಗ್ಗಿ, ಅಪ್ಪನ ಮೂಗಿನ ಹತ್ತಿರ ಕಿವಿ ಇಟ್ಟಳು. ಉಸಿರು ಕೇಳೋಕೆ.

ಡಾಕ್ಟರಮ್ಮನ ನೋಟ್‌ಬುಕ್ಕಿನಲ್ಲಿ ಬರೆದದ್ದು: "ಮಧ್ಯಾಹ್ನ ಬಟ್ಟೆ ಒದ್ದೆ ಮಾಡಿಕೊಂಡಳು."

ಗೋಡೆ ಬರೆಯಲಿಲ್ಲ. ಒರಗಿದ್ದು ಬರೆಯಲಿಲ್ಲ. ಕಿವಿ ಇಟ್ಟದ್ದೂ ಬರೆಯಲಿಲ್ಲ. ಥೂ.


೨೫-೨-೯೯, ಗುರುವಾರ

ಮತ್ತೆ ಛತ್ರ. ಅಜ್ಜಪ್ಪ ಇವತ್ತು ಬೆಂಚಿನ ಮೇಲೇ ಇದ್ದ. ಪಾಪಕ್ಕ — "ನೋಡ್ರಿ ಅಮ್ಮಾರೆ, ಮುಂದಿನ ತಿಂಗ್ಳು ಸಾಸಿವೆ ಹಾಕ್ತೀನಿ!" ಅವನೂ ನಕ್ಕ. ನನಗೆ ಸಿಟ್ಟು ಬಂತು. ಯಾಕೆ ಬಂತು ಅಂತ ಈಗ ಗೊತ್ತಾಗುತ್ತಿದೆ. ಎಲ್ಲ ಹೇಳಿಕೊಂಡವರಿಗೆ ವಾಸಿಯಾಗುತ್ತಿದೆ.

ತ್ರಿವೇಣಿ ಚಿತ್ರ ಬರೆದಿದ್ದಳು. ಒಬ್ಬ ಹೆಂಗಸು, ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ, ಕೊರಳ ತುಂಬ ಹೂವು, ಹಣೆಗೆ ಮೂರು ಗೆರೆ.

"ಇದು ಯಾರು ಅಜ್ಜಿ?"

"ದೇವರು. ನಮ್ಮನೆ ದೇವರು."

ಡಾಕ್ಟರಮ್ಮ ಚಿತ್ರವನ್ನು ಫೈಲಿನೊಳಗೆ ಇಟ್ಟುಕೊಂಡಳು. ಹುಡುಗಿಯನ್ನು ಪಾಪಕ್ಕನ ಹತ್ತಿರ ಕಳಿಸಿ ಹೇಳಿದಳು. "ಅಜ್ಜಿ, ನನಗಿದು ಫಿಟ್ಸ್ ಅನಿಸ್ತಿಲ್ಲ. ದೊಡ್ಡ ಭಯ ಕಂಡಿರೋ ಮಗು ಇದು. ಆದರೆ ನೀವು ಹೇಳೋದರಲ್ಲಿ ಭಯಪಡೋಂಥದ್ದು ಏನೂ ಇಲ್ಲ. ಏನಾಯ್ತು ಅಂತ ಗೊತ್ತಿಲ್ಲದೆ ಆ ಮಾತ್ರೆ ನಿಲ್ಲಿಸೋ ಧೈರ್ಯ ನನಗಿಲ್ಲ. ಸುಮ್ಮನೆ ಆ ಮಾತ್ರೆ ತಿಂತಾ ಇದ್ದರೆ ಮಗು ಮಂಕಾಗುತ್ತೆ."

"ನಂಗೇನ್ ಗೊತ್ತು? ಓದಿರೋರು ನೀವು!" ಅಂತ ಹಾರಾಡಿದೆ. ಎದ್ದು ಬಂದೆ.


೨೬-೨-೯೯, ಮಧ್ಯಾಹ್ನ

ಹುಡುಗಿ ಮಾತ್ರೆಯ ಮಂಪರಿನಲ್ಲಿ ಮಲಗಿದ್ದಾಳೆ. ಬರೆದುಬಿಡುತ್ತೇನೆ. ಇಲ್ಲಾದರೂ.

ಬೆಳಗಿನ ಜಾವ ಹೋಯಿತು ಮಂಜುಳಳ ಜೀವ. ಹುಡುಗಿ ಹಿಂದಿನ ಕೋಣೆಯಲ್ಲಿ ನಿದ್ದೆ. ಎಬ್ಬಿಸಬೇಡಿ ಅಂದೆ. ನಮ್ಮಲ್ಲಿ ಹೆಣ ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಮದುವೆಯ ಸೀರೆ ಉಡಿಸಿ, ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದೆವು. ಹೂವು ಹಾಕಿದೆವು. ಮೂರು ವಾರ ಹಾಸಿಗೆ ಬಿಟ್ಟು ಏಳದವಳು ಅಷ್ಟು ಲಕ್ಷಣವಾಗಿ ಕೂತಿದ್ದಳು. ಗಂಡಸರೆಲ್ಲ ಹೊರಗೆ ಜಗಲಿಯ ಮೇಲೆ. ವೀರೇಶನೂ ಅಲ್ಲೇ. ಒಳಗೆ ನಾವು ಹೆಂಗಸರು, ಅಯ್ಯನೋರು, ಫೋಟೋದವನು. ಮನೆಯವರು ಪಕ್ಕಕ್ಕೆ ಕೂತು ಒಂದು ಫೋಟೋ ತೆಗೆಸುವುದು ವಾಡಿಕೆ.

ಆಗ ಎದ್ದು ಬಂದಳು. ಬಾಗಿಲಲ್ಲಿ ಕಣ್ಣುಜ್ಜಿಕೊಂಡು ನೋಡಿದಳು. ಮುಖ ಅರಳಿತು.

"ಅಜ್ಜೀ! ಅವ್ವ ಎದ್ದು ಕೂತಾಳೆ!"

ಹೇಳಬೇಕಾದವಳು ನಾನು. ಅಯ್ಯನೋರಿಗೆ ಅವಸರ, ಫೋಟೋದವನು ಕಾಯುತ್ತಿದ್ದಾನೆ, ಹೇಳಿದರೆ ರಂಪ ಮಾಡುತ್ತಾಳೆ — "ಹೂಂ, ಕೂತಾಳೆ. ನೀನೂ ಪಕ್ಕಕ್ಕೆ ಕೂತ್ಕ, ಫೋಟೋ ತೆಗೀತಾರೆ" ಅಂದುಬಿಟ್ಟೆ.

ಓಡಿ ಹೋಗಿ ಕೊರಳಿಗೆ ತೆಕ್ಕೆ ಹಾಕಿದಳು. ಹೆಣ ಬೀಳದಿರಲಿ ಅಂತ ಬೆನ್ನಿಗೆ ಕಟ್ಟಿದ್ದ ಬಟ್ಟೆ ಸಡಿಲ ಇತ್ತು. ಮಂಜುಳ ಪೂರ್ತಿ ಅವಳ ಮೇಲೆ ಬಿದ್ದಳು. ಹೂವು, ತಲೆ, ತಣ್ಣಗಿನ ಮೈ, ಎಲ್ಲ. ಕಿರುಚಿದಳು ನೋಡು… ಜಗಲಿಯ ಗಂಡಸರೆಲ್ಲ ಬಾಗಿಲಿಗೆ ಬರುವಷ್ಟರಲ್ಲಿ ನಾನು ಅವಳನ್ನು ಈಚೆಗೆಳೆದು ಕಪಾಳಕ್ಕೆ ಬಾರಿಸಿದ್ದೆ. "ನೆಟ್ಟಗೆ ಕೂತಿದ್ದೋಳನ್ನ ಬೀಳಿಸಿಬಿಟ್ಟೆಯಲ್ಲೇ ಪಾಪಿ! ಮುಚ್ಚು ಬಾಯಿ!"

ಮುಚ್ಚಿದಳು.

ಒಂದು ಗಂಟೆಗೆಲ್ಲ ಹೂವಿನ ವಿಮಾನದಲ್ಲಿ ಕೂರಿಸಿ ಅವರವ್ವನನ್ನು ಮಣ್ಣಿಗೆ ಹೊತ್ತುಕೊಂಡು ಹೋದರು. ಅವಳು ಮೂಲೆಯಲ್ಲಿ ನಿಂತು ನೋಡಿದಳು. ಕೈ ಬೆನ್ನ ಹಿಂದೆ.

ಯಾಕೆ ಕಿರುಚಿದಳು ಅಂತ ವೀರೇಶ್ ಕೇಳಿದ್ದ. ಎಡವಿ ಬಿದ್ದಳು ಅಂದೆ.


೯-೩-೯೯, ಮಂಗಳವಾರ

ಹತ್ತು ದಿನ ಬರೆಯಲಿಲ್ಲ. ಏನು ಬರೆಯುವುದು.

ನಿನ್ನೆ ಬೆಳಿಗ್ಗೆ ಮಾತ್ರೆಯ ಅಮಲಿನಲ್ಲಿ ಹಿತ್ತಿಲ ಮೆಟ್ಟಿಲ ಮೇಲಿಂದ ಉರುಳಿದಳು. ಗದ್ದಕ್ಕೆ ಐದು ಹೊಲಿಗೆ. ಬೀಳುವಾಗಲೂ ಕೈ ಮುಂದಕ್ಕೆ ಕೊಡಲಿಲ್ಲ. ಮುಖವನ್ನೇ ಕೊಟ್ಟಳು. ಇಲ್ಲಿನ ಡಾಕ್ಟರು ಮತ್ತೆ ಫಿಟ್ಸ್ ಬಂದಿರಬೇಕು ಅಂತ ಮಾತ್ರೆ ಎರಡಕ್ಕೇರಿಸಿದರು.

ವೀರೇಶ್ ಇವತ್ತು ಊಟ ಬಿಟ್ಟೆದ್ದ. "ಅವ್ವಾ, ದಾವಣಗೆರೇಲಿ ಮಂದಬುದ್ಧಿ ಮಕ್ಕಳ ಹಾಸ್ಟೆಲ್ ಐತಂತೆ. ನಾಡಿದ್ದು ಡಾಕ್ಟ್ರಮ್ಮ ಏನಂತಾರೋ ನೋಡ್ತೀನಿ, ನಾನೂ ಬರ್ತೀನಿ. ಆಗ್ದಿದ್ರೆ ಅಲ್ಲಿಗೇ ಸೇರಿಸ್ತೀನಿ. ನನ್ನ ಕೈಲಿ ನೋಡಕಾಗಲ್ಲ."

ಮಂದಬುದ್ಧಿ. ಅವರವ್ವ ಹೋಗುವ ಮುಂಚೆ ಹದಿನಾರರ ಮಗ್ಗಿ ಉಲ್ಟಾ ಹೇಳುತ್ತಿದ್ದಳು.

ಎರಡನೇ ಮಾತ್ರೆ ಪುಡಿ ಮಾಡಿದೆ. ಮೊದಲು ಕೊಡಲಿಲ್ಲ. ಆಮೇಲೆ ಕೊಟ್ಟೆ. ಕೊಡದಿದ್ದರೆ ಏನಾಗುತ್ತದೋ ಅಂತ ಭಯ.


೧೧-೩-೯೯, ಗುರುವಾರ, ಸಂಜೆ ಆರು

ಹೇಳಿದೆ.

ವೀರೇಶ್ ಪಕ್ಕದ ಕುರ್ಚಿಯಲ್ಲೇ ಇದ್ದ. ಡಾಕ್ಟರಮ್ಮ ಅವನನ್ನು ಹೊರಗೆ ಕಳಿಸಲಾ ಅಂದಳು. ಬೇಡ ಅಂದೆ. ಹುಡುಗಿ ಹೊರಗೆ ಪಾಪಕ್ಕನ ಹತ್ತಿರ ಇದ್ದಳು. "ಪಕ್ಕದ ಮನೇಲಿರ್ಲಿಲ್ಲ. ಅದು ದೇವರ ಚಿತ್ರ ಅಲ್ಲ" ಅಂತ ಶುರು ಮಾಡಿದೆ. ಬೀಳಿಸಿಬಿಟ್ಟೆಯಲ್ಲೇ ಪಾಪಿ ಅಂದದ್ದನ್ನೂ ಅಂದ ಹಾಗೇ ಹೇಳಿದೆ. ವೀರೇಶ್ ಎದ್ದು ಹೊರಗೆ ಹೋದ. ಕುರ್ಚಿ ಹಿಂದಕ್ಕೆ ಬಿತ್ತು. ಎತ್ತಲಿಲ್ಲ.

ಡಾಕ್ಟರಮ್ಮ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎರಡು ಮಾತು ನಾನೂ ಆಡುತ್ತಿದ್ದೆ. ಬೈಯಲಿಲ್ಲ.

"ಈಗ ಕಾಯಿಲೆಗೆ ಹೆಸರು ಸಿಕ್ಕಿತು ಅಜ್ಜಿ" ಅಂತ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕಕ್ಷರ ಬರೆದಳು. ತಡೆಯಲಾಗದ್ದನ್ನು ಕಂಡ ಮನಸ್ಸಿಗೆ ಬರುವುದಂತೆ. ಅಜ್ಜಪ್ಪನದೂ ಅದೇ. "ಅವರು ದೊಡ್ಡವರು, ಮದ್ದು ಸಿಡಿಯಿತು ಅಂತ ಹೇಳೋಕಾಗುತ್ತೆ. ಇವಳಿಗೆ ಏನಾಯ್ತು ಅಂತಾನೇ ಗೊತ್ತಿಲ್ಲ. ಅವ್ವ ಹುಷಾರಾಗಿ ಎದ್ದು ಕೂತಿದ್ಲು. ಇವಳು ಮುಟ್ಟಿದ್ಲು, ಬಿದ್ಲು. ಆಮೇಲೆ ಹೊತ್ಕೊಂಡು ಹೋದ್ರು. ಇಷ್ಟೇ ಅವಳಿಗೆ ಗೊತ್ತಿರೋದು. ಅದಕ್ಕೇ ಯಾರನ್ನೂ ಮುಟ್ಟಲ್ಲ."

ಪೊಗರು ಅಂದಿದ್ದೆ. ಕೈ ಹಿಡಿದು ಎಳೆದಿದ್ದೆ.

ಮಾತ್ರೆ ಒಮ್ಮೆಲೇ ನಿಲ್ಲಿಸಬಾರದಂತೆ. ವಾರವಾರ ಇಳಿಸಬೇಕು. ಹದಿನೈದು ದಿನಕ್ಕೊಂದು ಸಲ ತಪ್ಪದೆ ಕರೆತರಬೇಕು, ಆಟದ ಹಾಗೆ ಮಾತಾಡಿಸುತ್ತಾರಂತೆ. ಹಾಸ್ಟೆಲ್ಲು ಬೇಡ. ಮತ್ತೆ — "ನನಗೆ ಹೇಳಿದ್ದು ಸಾಲದು. ಅವಳಿಗೆ ಹೇಳಬೇಕು. ಯಾರ ಬಾಯಿಂದ ಆ ಮಾತು ಬಂತೋ ಅವರ ಬಾಯಿಂದಲೇ."

ಹೊರಗೆ ಪಾಪಕ್ಕ ಮುಖ ನೋಡಿ ಗೊತ್ತುಮಾಡಿಕೊಂಡಳು. "ಕಕ್ಕಿದ್ರಾ ಅಮ್ಮಾರೆ? ಒಳ್ಳೇದಾತು ಬಿಡ್ರಿ. ಒಳಗಿದ್ರೆ ಕೊಳೀತೈತೆ."

ಬಸ್ಸಿನಲ್ಲಿ ವೀರೇಶ್ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮುಂದೆ ಕೂತ. ನಾನು ಹಿಂದೆ. ಇಳಿಯುವಾಗ ಒಂದೇ ಮಾತು. "ಎಡವಿ ಬಿದ್ಲು ಅಂದಿದ್ದೆ ನೀನು." ಅಷ್ಟೇ. ಮನೆಗೆ ಬರದೆ ಸೀದಾ ಮಿಲ್ಲಿಗೆ ಹೋದ.


೧೨-೩-೯೯, ಶುಕ್ರವಾರ, ಸಂಜೆ

ಬೆಳಿಗ್ಗೆ ಹೇಳೋಣ ಅಂದುಕೊಂಡೆ. ರೊಟ್ಟಿ ಸುಟ್ಟಿತು, ಕೆಲಸದವಳ ಮೇಲೆ ರೇಗಿದೆ. ಮಧ್ಯಾಹ್ನ ಅಂದುಕೊಂಡೆ, ಮಲಗಿದ್ದಳು. ನಾಲ್ಕು ಗಂಟೆಗೆ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಮೊಣಕಾಲು ನೋಯುತ್ತಿದ್ದರೂ ಒಂದು ಮೆಟ್ಟಿಲು ಕೆಳಗೆ ಕೂತೆ. ಅವಳ ಮುಖ ನನ್ನ ಮುಖಕ್ಕಿಂತ ಮೇಲಿರಲಿ ಅಂತ.

"ತ್ರಿವೇಣಿ, ಅವ್ವನ್ನ ನೀನು ಬೀಳಿಸ್ಲಿಲ್ಲ ಕಣೆ. ನೀನು ಏಳೋಕೆ ಮುಂಚೇನೇ ಅವ್ವ ಸತ್ತೋಗಿದ್ಲು. ನಾನು ಸುಳ್ಳು ಹೇಳಿದ್ದು."

ಗದ್ದದ ಪಟ್ಟಿಯ ಮೇಲಿಂದ ನನ್ನನ್ನೇ ನೋಡಿದಳು. ತುಟಿ ಅಲ್ಲಾಡಿತು. ಗೊಗ್ಗರು ದನಿ, ಬೇರೆ ಯಾರದೋ ಹಾಗೆ.

"ಮತ್ತೆ ಯಾಕ್ ಕೂತಿದ್ಲು?"

ಏಳು ತಿಂಗಳ ಮೇಲೆ ಮೊದಲ ಮಾತು. ಸತ್ತವರನ್ನು ನಮ್ಮಲ್ಲಿ ಹಾಗೆ ಕೂರಿಸುತ್ತಾರೆ, ಬಿಟ್ಟರೆ ಬೀಳುತ್ತಾರೆ, ಹಿಂದೆ ಬಟ್ಟೆ ಕಟ್ಟಿದ್ದೆವು, ಅದು ಸಡಿಲ ಇತ್ತು, ಕಟ್ಟಿದವಳು ನಾನೇ ಅಂತ ಎಲ್ಲ ಬಿಡಿಸಿ ಹೇಳಿದೆ. ಕೇಳಿದಳು.

"ಮತ್ತೆ ನಂಗ್ಯಾಕೆ ಹೊಡ್ದೆ?"

ಸಿಟ್ಟು ಬಂದಿತ್ತು ಅನ್ನಬಹುದಿತ್ತು. ಜನ ನೋಡುತ್ತಿದ್ದರು ಅನ್ನಬಹುದಿತ್ತು. ಎರಡೂ ನಿಜ. ಅವಳ ಮುಖ ನೋಡಿಕೊಂಡು ಎರಡೂ ಬಾಯಿಗೆ ಬರಲಿಲ್ಲ. ತಡಿ, ನೀರು ಕುಡಿದು ಬರ್ತೀನಿ ಅಂತ ಒಳಗೆ ಎದ್ದು ಬಂದೆ. ಹೇಡಿ. ಬರೆದರೆ ಹೊಳೆಯುತ್ತದೋ ಅಂತ ಇದನ್ನು ಹಿಡಿದು ಕೂತಿದ್ದೇನೆ. ಹೊಳೆಯುತ್ತಿಲ್ಲ. ಅವಳು ಇನ್ನೂ ಮೆಟ್ಟಿಲ ಮೇಲೇ ಇದ್ದಾಳೆ, ಇಲ್ಲಿಂದ ಬೆನ್ನು ಕಾಣುತ್ತದೆ. ತಿರುಗಿ ನೋಡಿದಳು. "ಅಜ್ಜೀ" ಅಂದಳು ಈಗ. ಬಂದೆ ಕಣೆ, ಯಾಕೆ ಹೊಡ್ದೆ ಅಂದ್ರೆ, ತಪ್ಪು ನಂದು ಕಣೆ, ಅದಕ್ಕೇ —