ಒಂದು ನಂಬರ್ ದೊಡ್ಡ ಬೂಟು

ನಾಶಿಕ, ಜುಲೈ ೧೪, ಸೋಮವಾರ

ದತ್ತಕದ ಖರ್ಚಿಗೆ ಟ್ಯಾಕ್ಸಿನ್ಯಾಗ ವಿನಾಯ್ತಿ ಸಿಗ್ತದೇನು ಅಂತ ಇವತ್ತು ರಿಟರ್ನ್ ತುಂಬೋ ಸೋನವಣೆ ಸಾಹೇಬ್ರಿಗೆ ಕೇಳೇಬಿಟ್ಟೆ. ಬಿಲ್ಲು ತಿರುವಿ ಹಾಕಿ, "ಅಂಥಾದ್ದೇನೂ ಇಲ್ಲ. ಮಗಳು ಹ್ಯಾಂಗ ಇದ್ದಾಳ?" ಅಂದ್ರು. ಹದಿನೇಳು ದಿನಕ್ಕ ಸಂಭಾಜಿನಗರದ ಅನಾಥಾಶ್ರಮಕ್ಕ ವಾಪಸ್ ಬಿಟ್ಟು ಬಂದೀವಿ ಅನ್ನಲಿಕ್ಕ ಬಾಯಿ ಬರಲಿಲ್ಲ. "ಆರಾಮ ಇದ್ದಾಳ್ರಿ" ಅಂದೆ.

"ಹುಡುಗಿ ರಾತ್ರಿಯೆಲ್ಲಾ ಅಳ್ತಾಳ, ನನ್ನ ಕೈಲೆ ಆಗಂಗಿಲ್ಲ" ಅಂದಾಕಿ ಹೆಂಡತಿ ಅಂತ ಮನಿ ಮಂದಿಗೆಲ್ಲಾ ಹೇಳ್ಕೋತ ಬಂದೀನಿ. ಖರೇ ಅಂದ್ರ, ಹುಡುಗಿ ಬ್ಯಾಡ ಅನ್ನೋ ಪತ್ರಕ್ಕ ಮೊದಲು ಸಹಿ ಹಾಕಿದಾಂವ ನಾನು.

ಫೈಲಿನ್ಯಾಗ ಹುಡುಗಿ ಬೂಟಿನ ಬಿಲ್ಲೂ ಇತ್ತು. ಮುಂದಿನ ವರ್ಷಕ್ಕೂ ಆಗಲಿ ಅಂತ ಒಂದು ನಂಬರ್ ದೊಡ್ಡದು ತಂದಿದ್ದೆ. ವಾಪಸ್ ಬಿಡಲಿಕ್ಕ ಹೋದಾಗ ಆಶ್ರಮದ ಮೆಟ್ಟಿಲ ಮ್ಯಾಲ ಒಂದು ಕಳಚಿ ಬಿತ್ತು. ಐದು ವರ್ಷದಾಕಿ, ಅವತ್ತು ಅಳಲಿಲ್ಲ. ತಾನೇ ಬಗ್ಗಿ ಹಾಕ್ಕೊಂಡು, ಮತ್ತ ನನ್ನ ಬೆರಳು ಹಿಡಕೊಂಡು ಒಳಗ ಬಂದ್ಳು.