ಮೀಟರಿನ ಹತ್ತಿರ ನಿಲ್ಲುವ ಮಾವನಿಗೆ

ಪ್ರೀತಿಯ ಮಾವ,

ತೋಡಾರಿನ ಪೆಟ್ರೋಲ್ ಪಂಪು ನೆನಪಾಗುತ್ತದೆ. ಮೂಡುಬಿದಿರೆಯಿಂದ ಮಂಗಳೂರಿಗೆ ಹೊರಟಾಗಲೆಲ್ಲ ನೀವು ಓಮ್ನಿಯನ್ನು ಅಲ್ಲಿಗೇ ತಿರುಗಿಸುತ್ತಿದ್ದಿರಿ. ಇಳಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಮೀಟರಿಗೆ ಮೂಗು ತಾಗುವಷ್ಟು ಬಗ್ಗಿ ನಿಲ್ಲುತ್ತಿದ್ದಿರಿ. ಪಂಪಿನ ಸುಧಾಕರಣ್ಣ "ಝೀರೋ ನೋಡಿ" ಎಂದರೆ, "ನನ್ನ ಕಣ್ಣಿಗೆ ಎಲ್ಲಿ ಕಾಣ್ತದೆ ಮಾರಾಯ, ನಮ್ಮ ಮ್ಯಾನೇಜರ್ ಹತ್ರ ಕೇಳು" ಎಂದು ಗದ್ದದಲ್ಲೇ ನನ್ನನ್ನು ತೋರಿಸುತ್ತಿದ್ದಿರಿ. ನಾನು ಕಿಟಕಿಯಿಂದ ತಲೆ ಹೊರಹಾಕಿ "ಝೀರೋ!" ಎಂದು ಕೂಗಿದ ಮೇಲೆಯೇ ಪೆಟ್ರೋಲ್. ತುಂಬಿದ ಮೇಲೂ ನಿಮ್ಮ ಮಾತು ಮುಗಿಯುತ್ತಿರಲಿಲ್ಲ. "ಬನ್ನಿ ಮಾವ, ಹೋಗುವ" ಎಂದು ನಾನು ಕರೆದರಷ್ಟೇ ಬರುತ್ತಿದ್ದಿರಿ. "ಇವಳು ಕರೆಯದಿದ್ರೆ ನಾನು ಇಲ್ಲೇ ಬೇರು ಬಿಡ್ತೇನೆ" ಎಂದು ಸುಧಾಕರಣ್ಣನಿಗೆ ಹೇಳುತ್ತಿದ್ದಿರಿ.

ಸ್ಕಾಟ್ಲೆಂಡಿನ ಈ ಕಡಲ ಬದಿಯ ಊರಿಗೆ ಬಂದ ಹೊಸದರಲ್ಲಿ ಪಂಪಿನ ಎದುರು ಕಾರು ನಿಲ್ಲಿಸಿ ಸುಮ್ಮನೆ ಕೂತಿದ್ದೆ. ಯಾರೂ ಬರಲಿಲ್ಲ. ಇಲ್ಲಿ ನಮ್ಮ ಪೆಟ್ರೋಲ್ ನಾವೇ ಹಾಕಿಕೊಳ್ಳಬೇಕು. ಹಾಕಿ ಆದ ಮೇಲೆ ಅಂಗಡಿಯೊಳಗೆ ಹೋಗಿ ದುಡ್ಡು ಕೊಡಬೇಕು. ವಾಸನೆ ಸಂಜೆಯವರೆಗೂ ಅಂಗೈ ಬಿಟ್ಟು ಹೋಗುವುದಿಲ್ಲ. ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ನೀವು ಕೇಳಿದ್ದು ಒಂದೇ: "ಮತ್ತೆ ಝೀರೋ ಯಾರು ಹೇಳುದು?"

"ಯಾರೂ ಇಲ್ಲ ಮಾವ. ಮಷಿನ್."

"ಛೆ! ಎಂಥ ಊರು ಮಾರಾಯ್ತಿ ಅದು."

ನೀವು ತೀರಿಹೋದ ವಾರ ನನಗೆ ಊರಿಗೆ ಬರಲಾಗಲಿಲ್ಲ. ಆದರೆ ಕೆಲಸಕ್ಕೆ ಹೋಗಲೇಬೇಕು, ಕಾರಿಗೆ ಪೆಟ್ರೋಲ್ ಹಾಕಲೇಬೇಕು. ನಳಿಕೆ ಎತ್ತಿ ಹಿಡಿದು ಕಾದೆ. ಗಾಜಿನ ಹಿಂದೆ ಕೂತ ಯಾರೋ ನಮ್ಮನ್ನು ನೋಡಿ ಗುಂಡಿ ಒತ್ತುವವರೆಗೂ ಇಲ್ಲಿ ಪೆಟ್ರೋಲ್ ಬರುವುದಿಲ್ಲ; ನೋಡುವವರ ಮುಖ ಮಾತ್ರ ನಮಗೆ ಕಾಣುವುದಿಲ್ಲ. ಮೀಟರಿನ ತುಂಬ ಎಂಟುಗಳು ಮೂಡಿ, ಅಳಿಸಿ, ಸೊನ್ನೆಯಾದವು. ನನಗೇ ತಿಳಿಯದೆ "ಝೀರೋ" ಎಂದೆ. ದುಡ್ಡು ಕೊಟ್ಟು ಬಂದು ಕಾರಿನಲ್ಲಿ ಕೂತಾಗ, "ಬನ್ನಿ ಮಾವ, ಹೋಗುವ" ಎಂದೂ ಅಂದೆ. ಪಕ್ಕದ ಸೀಟಿನವರು ಬೆಲ್ಟ್ ಹಾಕಿಲ್ಲವೆಂದು ಕಾರು ಬೀಪ್ ಬೀಪ್ ಎನ್ನತೊಡಗಿತು. ಆ ಸೀಟಿನಲ್ಲಿ ಇದ್ದದ್ದು ನನ್ನ ಹ್ಯಾಂಡ್‌ಬ್ಯಾಗ್. ಅದರದೇ ಭಾರ ಇರಬೇಕು, ಅಲ್ಲವೇ? ಬೆಲ್ಟ್ ಎಳೆದು ಸಿಕ್ಕಿಸಿದೆ. ಆಮೇಲೆ ಪ್ರತಿಸಲವೂ ಹಾಗೆಯೇ ಮಾಡಿದೆ. ಕರೆಯುವುದು, ಬೀಪ್, ಬೆಲ್ಟ್.

ಕಳೆದ ಆಟಿ ತಿಂಗಳಲ್ಲಿ ಅಮ್ಮ ಅಳದಂಗಡಿಯ ಮನೆಯಿಂದ ಫೋನ್ ಮಾಡಿದ್ದಳು. ತೀರಿಕೊಂಡ ಹಿರಿಯರಿಗೆ ಬಡಿಸುವ ದಿನ ನಿಮಗೂ ಎಲೆ ಹಾಕಿದ್ದರು. ಕೋರಿರೊಟ್ಟಿ, ಒಣಮೀನಿನ ಚಟ್ನಿ, ಒಂದು ಗ್ಲಾಸ್ ನೀರು. ಬಾಗಿಲಲ್ಲಿ ನಿಂತು ನಿಮ್ಮ ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ, ಕಾದು ತೆರೆದಾಗ ಎಲ್ಲವೂ ಇಟ್ಟ ಹಾಗೆಯೇ. "ನೀರು ಒಂದು ಚೂರು ಇಳಿಯಲಿಲ್ಲ ಮಗಾ. ಸತ್ತ ವರ್ಷವೂ ಹೀಗೇ. ನಮ್ಮ ಹಿರಿಯರೊಟ್ಟಿಗೆ ಅವ ಸೇರಿಯೇ ಇಲ್ಲ. ಎಲ್ಲಿ ಹೋಗಿ ಕೂತಿದ್ದಾನೆ ನನ್ನ ತಮ್ಮ?" ನೀರು ಹೇಗೆ ಇಳಿಯುತ್ತದೆ ಅಮ್ಮ ಎಂದು ನಾನು ಕೇಳಬಹುದಿತ್ತು. ಅವಳು ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಿದ್ದಳು. ಕೇಳಲಿಲ್ಲ.

ಈ ಸಲ ಆಟಿಗೆ ಮೊದಲು ಒಂದು ಬೆಳಿಗ್ಗೆ, ಕಡಲಿನಿಂದ ಮಂಜು ಏರಿ ಬಂದಿತ್ತು. ಪಂಪಿನ ಅಂಗಡಿಯ ಹೆಂಗಸು ಚಿಲ್ಲರೆ ಕೊಡುತ್ತ ತುಂಬ ಮರ್ಯಾದೆಯಿಂದ ಹೇಳಿದಳು: "ನಿಮ್ಮ ಜೊತೆಯವರಿಗೆ ಸ್ವಲ್ಪ ಹೇಳಿ. ಮೀಟರಿಗೆ ಅಷ್ಟು ಹತ್ತಿರ ಬಗ್ಗುವುದು ಬೇಡ." ಯಾರು ಎಂದೆ. "ಯಾವಾಗಲೂ ಬರುತ್ತಾರಲ್ಲ, ಆ ಹಿರಿಯರು. ಕೈ ಹಿಂದೆ ಕಟ್ಟಿಕೊಂಡು…" ಹೊರಗೆ ನೋಡಿದೆ. ಕಾರು, ಮಂಜು. ಮತ್ತೇನೂ…

ಅಮ್ಮ ನಿಮ್ಮನ್ನು ವರ್ಷಕ್ಕೊಮ್ಮೆ ಬಾಗಿಲಲ್ಲಿ ನಿಂತು ಕರೆಯುತ್ತಾಳೆ. ನಾನು ವಾರವಾರವೂ ಕರೆಯುತ್ತಿದ್ದೆ. ನೀವು ಯಾರ ಮಾತಿಗೆ ಬರುವವರೆಂದು ನನಗೆ ಗೊತ್ತಿಲ್ಲವೇ? ನಂಬುತ್ತೇನೆಯೇ ಇದನ್ನೆಲ್ಲ? ಇವತ್ತಿಗೂ ಖಚಿತವಾಗಿ ಹೇಳಲಾರೆ. ಆದರೆ ನಂಬದಿದ್ದರೆ, ಆ ಒಂದು ದಿನ ನಿಮ್ಮನ್ನು ಕರೆಯದೆ ಸುಮ್ಮನಿರುವುದು ಅಷ್ಟು ಕಷ್ಟವಾಗಬೇಕಿತ್ತೇ?

ಎಲೆ ಹಾಕುವ ದಿನ ಬೆಳಿಗ್ಗೆ ಪೆಟ್ರೋಲ್ ಹಾಕಲು ಹೋದೆ. ಸೊನ್ನೆ ನೋಡಿದೆ; ಹೇಳಲಿಲ್ಲ. ಕಾರಿನಲ್ಲಿ ಕೂತು ಹಲ್ಲು ಕಚ್ಚಿಕೊಂಡೆ. ಅದೇ ಬ್ಯಾಗ್ ಅದೇ ಸೀಟಿನಲ್ಲಿತ್ತು. ಕಾರು ಬೀಪ್ ಎನ್ನಲಿಲ್ಲ. ಕನ್ನಡಿ ನೋಡದೆ ಹೊರಟೆ ಮಾವ. ನೋಡಿದ್ದರೆ, ನೀವು ನನ್ನ ಕರೆಗೆ ಕಾಯುತ್ತ ಅಲ್ಲೇ ನಿಂತಿದ್ದರೆ…

ಮಧ್ಯಾಹ್ನ ಅಮ್ಮನ ಫೋನ್ ಬಂತು. ಅಳುತ್ತಿದ್ದಳೋ, ನಗುತ್ತಿದ್ದಳೋ. "ಅವ ಬಂದ ಮಗಾ! ನೀರು ಅರ್ಧ ಇಳಿದಿತ್ತು. ರೊಟ್ಟಿ ಮುರಿದಿತ್ತು. ನಾನೂ ಹೊಟ್ಟೆ ತುಂಬ ಉಂಡೆ ಇವತ್ತು." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಆದ್ರೆ ಬಾಗಿಲು ತೆಗೆದಾಗ ಕೋಣೆ ತುಂಬ ಎಂಥದೋ ವಾಸನೆ ಮಾರಾಯ್ತಿ. ಪೆಟ್ರೋಲಿನ ಹಾಗೆ."

ಮುಂದಿನ ಆಟಿಗೆ ಊರಿಗೆ ಬರುತ್ತೇನೆ. ಅಮ್ಮನ ಪಕ್ಕ ಆ ಬಾಗಿಲಲ್ಲಿ ನಿಂತು ನಾನೂ ಕರೆಯುತ್ತೇನೆ. ಬನ್ನಿ ಮಾವ ಎಂದಷ್ಟೇ. ಹೋಗುವ ಎನ್ನುವುದಿಲ್ಲ.

ನಿಮ್ಮ ಮ್ಯಾನೇಜರ್