ರೇವತಿ ಚರಗ ಚೆಲ್ಲಿದ್ದು

ಬೋನಾಳ
24 ಜನವರಿ 2025, ಶುಕ್ರವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀ? ವಾರ್ಡಿನಲ್ಲಿ ನಿಂತು ನಿಂತು ಕಾಲು ಬಾತಿವೆ ಅಂದಿದ್ದೆಯಲ್ಲ, ಈಗ ಪರವಾಗಿಲ್ಲವೇ? ರಾಯಚೂರಿನ ಹಾಸ್ಟೆಲಿನ ಸಾರು ಇನ್ನೂ ನೀರಿನಂತೆಯೇ ಇದೆಯೋ? ಇಲ್ಲಿ ಅಪ್ಪನ ಕೆಮ್ಮು ಕಡಿಮೆಯಾಗಿದೆ, ಅವ್ವ ಎಂದಿನಂತೆ. ಫೋನಿನಲ್ಲಿ ಹೇಳುವುದನ್ನು ಬಿಟ್ಟು ಕಾಗದ ಯಾಕೆ ಅಂತ ನೀನು ನಗಬಹುದು. ಅವ್ವ ಸ್ಪೀಕರ್ ಹಾಕಿಕೊಂಡು ಅಂಗಳದಲ್ಲಿ ಕೂರುತ್ತಾಳೆ. ಓಣಿಯೆಲ್ಲ ಕೇಳಿಸಿಕೊಳ್ಳುವಾಗ ನನಗೆ ಮಾತೇ ಹೊರಡುವುದಿಲ್ಲ. ಅದೂ ಅಲ್ಲದೆ ಹೇಳಬೇಕಾದದ್ದರಲ್ಲಿ ನನ್ನ ತಪ್ಪೊಂದಿದೆ. ಅದನ್ನು ಬರೆಯುವುದೇ ನನಗೆ ಸುಲಭ.

ಮೊದಲು ನೀನು ಕಾಯುತ್ತಿರುವ ಸುದ್ದಿ. ನಿನ್ನ ಮಗಳು ಉಣ್ಣುತ್ತಿದ್ದಾಳೆ. ಫೋನಿನಲ್ಲಿ ಅವ್ವ ಹೇಳಿದ್ದನ್ನು ನೀನು ನಂಬಿರಲಿಲ್ಲ, ನಿನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂತ ನೀನು ಅಂದುಕೊಂಡೆ. ಸುಳ್ಳಲ್ಲ. ನಿನ್ನೆ ಅಂಗನವಾಡಿಯ ದುರಗಮ್ಮ ಎರಡು ಸಲ ತೂಕ ಮಾಡಿದಳು. ಹದಿಮೂರು ಕಿಲೋ ಮೇಲೆ ನೂರು ಗ್ರಾಂ. ಡಿಸೆಂಬರಿನಲ್ಲಿ ಹನ್ನೆರಡೂಕಾಲಿಗೆ ಇಳಿದಿದ್ದಳು.

ಇನ್ನು ನನ್ನ ತಪ್ಪು. ನೀನು ನವೆಂಬರಿನಲ್ಲಿ ಹೋಗುವಾಗ ರೇವತಿಯ ಊಟ ಮೂರೇ ಮೂರು: ಹಾಲು, ಹುರಿಗಡಲೆ ಪುಟಾಣಿ, ಉಬ್ಬಿದ ಜೋಳದ ರೊಟ್ಟಿಯ ಮೇಲಿನ ತೆಳು ಪದರ. ಇದು ಹಠವಲ್ಲ, ಆಟಿಸಂ ಇರುವ ಕೆಲವು ಮಕ್ಕಳ ಬಾಯಿಗೆ ರುಚಿ, ವಾಸನೆ, ಹಸಿ, ಒಣ ಎಲ್ಲವೂ ನಮಗಿಂತ ಜೋರಾಗಿ ತಾಕುತ್ತವೆ ಅಂತ ಕಲಬುರಗಿಯ ಡಾಕ್ಟರು ಹೇಳಿದ್ದನ್ನು ನೀನು ನನಗೆ ಎರಡೆರಡು ಸಲ ವಿವರಿಸಿದ್ದೆ. ನಾನು ತಲೆಯಾಡಿಸಿದ್ದೆ. ಆದರೂ ಒಂದು ಬೆಳಿಗ್ಗೆ ಬಿಸಿ ರೊಟ್ಟಿಯ ಪದರ ಬಿಡಿಸಿ, ಒಳಗೆ ಅರೆದ ತೊಗರಿಬೇಳೆಯನ್ನು ತೆಳ್ಳಗೆ ಸವರಿ, ಮತ್ತೆ ಒತ್ತಿ ಕೊಟ್ಟೆ. ಮೂರನೆಯ ತುತ್ತಿಗೆ ಅವಳು ನಿಲ್ಲಿಸಿದಳು. ಅಳಲಿಲ್ಲ. ಪದರ ಎತ್ತಿ ಒಳಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಂದಿನಿಂದ ರೊಟ್ಟಿಯನ್ನೂ ಬಿಟ್ಟಳು. ಕೊಟ್ಟ ಪ್ರತಿ ರೊಟ್ಟಿಯನ್ನೂ ಬಿಡಿಸಿ ಪರೀಕ್ಷಿಸಿ ಪಕ್ಕಕ್ಕೆ ಇಡುತ್ತಿದ್ದಳು. ಮೂರಿದ್ದದ್ದು ಎರಡಾಯಿತು. ನೀನು ಫೋನಿನಲ್ಲಿ ಅವ್ವನ ಮೇಲೆ ರೇಗಿದೆ. ಅವ್ವ ನನ್ನ ಹೆಸರು ಹೇಳಲಿಲ್ಲ, ನಾನು ಬಾಗಿಲ ಹಿಂದೆ ನಿಂತಿದ್ದೆ. ಇದನ್ನು ಬರೆದ ಮೇಲೆ ಎದೆ ಸ್ವಲ್ಪ ಹಗುರಾಯಿತು.

ನಿನ್ನ ಅತ್ತೆ ಸಾಯಬಮ್ಮನವರಿಗೂ ಕೆಂಭಾವಿಯ ಸಂತೆಯಲ್ಲಿ ಯಾರೋ ಸುದ್ದಿ ಮುಟ್ಟಿಸಿದರು. ಅವರು ಮನೆಗೇ ಬಂದು, "ಎರಡ ದಿನ ಉಪಾಸ ಕೆಡವ್ರಿ, ಹೊಟ್ಟಿ ಹಸದ್ರ ತಾನ ತಿಂತಾಳ. ನಿಮ್ಮ ಕೈಲೆ ಆಗಂಗಿಲ್ಲಂದ್ರ ನಮ್ಮನಿಗೆ ಕಳಸ್ರಿ" ಅಂದರು. ಅದೇ ವಾರ ನೀನು, ತಿಂಗಳೊಳಗೆ ಅವಳು ಉಣ್ಣದಿದ್ದರೆ ಫೆಬ್ರುವರಿ ಒಂದಕ್ಕೆ ನರ್ಸಿಂಗ್ ಬಿಟ್ಟು ಬರುತ್ತೇನೆ ಅಂದೆ. ಪರೀಕ್ಷೆಗೆ ಆಗ ಎರಡೂವರೆ ತಿಂಗಳಿತ್ತು. ನನಗೆ ನಿದ್ದೆ ಹತ್ತಲಿಲ್ಲ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದೆವು. ರೇವತಿಯನ್ನು ಮನೆಯಲ್ಲಿ ಯಾರ ಬಳಿ ಬಿಡುವುದು, ಕರೆದುಕೊಂಡೇ ಹೋದೆವು. ಅವಳ ಪುಟಾಣಿ ನನ್ನ ಚೀಲದಲ್ಲಿತ್ತು. ಅಪ್ಪ ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರನ್ನು ಕೂರಿಸಿದ. ಪೂಜೆಯಾಯಿತು. ಅವ್ವ ಮಾಡಿದ ಸಜ್ಜೆ ಹಿಟ್ಟಿನ ಕಡಬು, ಸೊಪ್ಪು ಕಾಳು ಬೆರೆಸಿದ ಭಜ್ಜಿ ಪಲ್ಯ, ಮೊಸರನ್ನ ಎಲ್ಲವನ್ನೂ ಒಂದು ಬುಟ್ಟಿಗೆ ಹಾಕಿಕೊಂಡು ಅಪ್ಪ ಹೊಲದ ತುಂಬ ಎರಚಿ ಭೂಮಿತಾಯಿಗೆ ಚರಗ ಚೆಲ್ಲಲು ಹೊರಟ. ಕೆರೆಯ ಆಚೆ ದಂಡೆಗೆ ಕೇಳುವಂತೆ ಕೂಗುವ ಮನುಷ್ಯ; ಈ ಸಲ ಮೊಮ್ಮಗಳು ಕಿವಿ ಮುಚ್ಚಿಕೊಳ್ಳುತ್ತಾಳೆಂದು ಪಿಸುಗುಟ್ಟುವಂತೆ ಭೂಮಿಯನ್ನು ಕರೆದ. ಜೋಳದ ಸಾಲಿನಲ್ಲಿ ಅವನ ಹಿಂದೆಯೇ ಹೋದ ರೇವತಿ ಬುಟ್ಟಿಯೊಳಗೆ ಕೈ ಹಾಕಿಬಿಟ್ಟಳು. ಅವ್ವ ಏನೋ ಹೇಳಲು ಹೊರಟಳು, ನಾನು ಅವಳ ಮುಂಗೈ ಹಿಡಿದೆ. ರೇವತಿ ಒಂದು ಕಡಬು ಎತ್ತಿ, ಒತ್ತಿ ನೋಡಿ, ಮುರಿದು, ಅಪ್ಪನ ಹಾಗೆಯೇ ಎಸೆದಳು. ಮತ್ತೊಂದು. ಇಡೀ ಹೊಲ ಸುತ್ತಿದಳು. ಒಂದು ಹನಿ ತಾಕಿದರೂ ಕೈ ತೊಳೆಯಿರಿ ಅಂತ ಎಳೆದಾಡುವವಳು, ಬೆರಳಿಗೆ ಮೊಸರನ್ನ ಮೆತ್ತಿದರೆ ಜೋಳದ ಗರಿಗೆ ಒರೆಸಿಕೊಂಡು ಮುಂದೆ ಹೋದಳು. ಕೊನೆಯ ಬದುವಿನಲ್ಲಿ ನಿಂತು ಕೈ ಮೂಸಿದಳು. ಅಪ್ಪ ಅವಳ ಕಡೆ ನೋಡದೆ, "ಇದು ಭೂಮಿತಾಯಿ ಪಾಲ ಐತವ್ವಾ, ನೀ ತಿನ್ನಬೇಕಂತೇನಿಲ್ಲ" ಅಂದ. ಅವಳು ಒಂದು ಚೂರು ಕಡಬನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಅರ್ಧ ಉಗುಳಿದಳು. ಇನ್ನರ್ಧ ನೆಲದಲ್ಲಿ ಎಲ್ಲೂ ಕಾಣಲಿಲ್ಲ. ನಾನು ಬಗ್ಗಿ ಹುಡುಕಿದೆ ಅಕ್ಕಾ.

ಐದೂವರೆ ವರ್ಷದಲ್ಲಿ ಅವಳ ಕೈಗೆ ತಿನ್ನು ಎಂಬ ಒತ್ತಾಯವಿಲ್ಲದೆ ಬಂದ ಅನ್ನ ಅದೇ ಮೊದಲು ಇರಬೇಕು. ಮರುದಿನದಿಂದ ಸಂಜೆ ಒಂದು ಸಣ್ಣ ಬುಟ್ಟಿ ಕೊಟ್ಟು ಹಿತ್ತಿಲ ಕೋಳಿಗೆ ಹಾಕಲು ಬಿಟ್ಟೆವು. ಕಡಬು, ಕುದಿಸಿದ ಶೇಂಗಾ, ಗಜ್ಜರಿ ಗಡ್ಡೆಯ ಚೂರು, ರೊಟ್ಟಿ. ಎಲ್ಲವೂ ಬಿಚ್ಚಿಟ್ಟಂತೆ, ಒಳಗೊಂದು ಹೊರಗೊಂದು ಇಲ್ಲ. ಪಕ್ಕದ ಮನೆಯ ಸುಗರಾಬಿ ಗೋಡೆಯ ಮೇಲಿಂದ ಇಣುಕಿ, "ನಿಮ್ಮ ಕೋಳಿ ನವಾಬರಾಗ್ಯಾವ, ಇನ್ನ ಅವಕ್ಕ ಹಾಸಿಗಿ ಹಾಸ್ರಿ" ಅಂತ ದಿನಾ ಛೇಡಿಸುತ್ತಾಳೆ. ಐದನೆಯ ದಿನ ಒಂದು ಶೇಂಗಾ ಬಾಯಿಗೆ ಹೋಯಿತು. ಹತ್ತನೆಯ ದಿನ ರೊಟ್ಟಿ, ಬಿಡಿಸಿ ನೋಡಿಯೇ, ಆದರೆ ಎರಡೂ ಪದರ. ಸಂಕ್ರಾಂತಿಯ ದಿನ ಸಂತೋಷಕ್ಕೆ ನನ್ನ ಬಾಯಿಂದ "ತಿನ್ನವ್ವಾ" ಅಂತ ಬಂದುಬಿಟ್ಟಿತು. ಬುಟ್ಟಿ ಕೆಳಗಿಟ್ಟವಳು ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ತಾನೇ ಬುಟ್ಟಿ ಹುಡುಕಿಕೊಂಡು ಬಂದಳು. ಈಗ ದಿನಕ್ಕೆರಡು ಕಡಬು ತಿನ್ನುತ್ತಾಳೆ. ಬೇಳೆ ಕಟ್ಟನ್ನು ಬೆರಳಲ್ಲಿ ಅದ್ದಿ ನೆಕ್ಕುತ್ತಾಳೆ, ಅದೂ ಮನಸ್ಸಾದರೆ. ಮೊಟ್ಟೆ ಕಂಡರೆ ಈಗಲೂ ಓಡುತ್ತಾಳೆ. ಓಡಲಿ.

ಅಪ್ಪ, ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಹಾಸ್ಟೆಲಿನ ಗೆಳತಿಯರಿಗೆ ನನ್ನ ನಮಸ್ಕಾರ. ಚಳಿಗೆ ಮೈ ಮುಚ್ಚಿಕೊಂಡು ಓದು.

ನಿನ್ನ ತಂಗಿ,
ಮೌನೇಶ್ವರಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಹೇಳಿಬಿಡುತ್ತೇನೆ. ಮಂಗಳವಾರ ನಿನ್ನ ಅತ್ತೆ ರೇವತಿಯನ್ನು ಕೆಂಭಾವಿಗೆ ಕರೆದೊಯ್ಯಲು ಚೀಲ ಹಿಡಿದೇ ಬಂದಿದ್ದರು. ಅಪ್ಪ ಹೊಲದಲ್ಲಿದ್ದ, ಅವ್ವ ಚಹಾಕ್ಕಿಡಲು ಒಳಗೆ ಹೋದಳು. ನಾನೇ ಹೇಳಿದೆ: "ರೇವತಿ ಎಲ್ಲಿಗೂ ಬರಂಗಿಲ್ರಿ ಅತ್ತಿ. ಅಕ್ಕನೂ ಪರೀಕ್ಷೆ ಮುಗಿಯೋತನಕ ಬರಂಗಿಲ್ಲ, ಆಕಿನ ಹೇಳ್ಯಾಳ." ಅವರು ಚಹಾ ಕುಡಿದು ಎರಡರ ಬಸ್ಸಿಗೆ ಹೋದರು. ನಿನ್ನನ್ನು ಕೇಳದೆ ನಿನ್ನ ಹೆಸರಿನಲ್ಲಿ ಮಾತು ಕೊಟ್ಟಿದ್ದೇನೆ. ಒಂದನೆಯ ತಾರೀಖಿಗೆ ನೀನು ಬಂದರೆ ನಾನು ಸುಳ್ಳುಬುರುಕಿಯಾಗುತ್ತೇನೆ. ಬರಬೇಡ ಅಕ್ಕಾ, ಪರೀಕ್ಷೆ ಬರಿ.